ತಾವಾಗಿ ಊರು ಬಿಟ್ಟವರು

ವರ್ಷವರ್ಷದ ಸಂಗತಿ ಬರೆದಿಡುವ ನಮ್ಮ ಪೊಡ್ಲಿಪಿಯ ಊರ ದಫ್ತರದ ಮೊದಲ ಪುಟದಲ್ಲಿ ಸುಳ್ಳಿಲ್ಲ. ಸಮುದ್ರಮಟ್ಟದಿಂದ ನಾನೂರ ಹನ್ನೆರಡು ಮೀಟರ್ ಎತ್ತರ, ಮೂವತ್ತೊಂಬತ್ತು ಮನೆ, ಒಂದು ಕೆರೆ, ಗಿರಣಿಯ ಹಿಂದೆ ತಿರುಗುವ ತೊರೆ. ತೊರೆಯ ಅಗಲವನ್ನು ಅಳೆದವರು ಇಬ್ಬರು. ದಡದಲ್ಲಿ ಪೆನ್ಸಿಲ್ ಹಿಡಿದು ನಿಂತವನು ದಫ್ತರ ಬರೆಯುವ ಅಲೋಯಿಸ್ ಕಾಲಿನಾ. ಸೊಂಟದವರೆಗೆ ನೀರಿಗಿಳಿದು ಹಗ್ಗ ಎಳೆದವನು ಅವನ ಗೆಳೆಯ ಹಿನೆಕ್ ಸ್ಲಾಮಾ. ನೆನೆಯುವ ಕೆಲಸ ಯಾವಾಗಲೂ ಹಿನೆಕ್‌ನದೇ.

ಐವತ್ತೆರಡರ ನವೆಂಬರಿನಲ್ಲಿ ಹಿನೆಕ್‌ನ ಅಂಗಳಕ್ಕೆ ಸರ್ಕಾರಿ ಲಾರಿ ಬಂತು. ತನ್ನ ಹೊಲವನ್ನು ಸಾಮೂಹಿಕ ಬೇಸಾಯಕ್ಕೆ ಬಿಡಲೊಲ್ಲೆ ಎಂದದ್ದೇ ಅವನ ತಪ್ಪು. ಅವನನ್ನೂ ಹೆಂಡತಿ ಅಪೊಲೆನಾಳನ್ನೂ ತೊಟ್ಟಿಲ ಮಗಳನ್ನೂ ಹತ್ತಿಸಿಕೊಂಡು ದೇಶದ ಇನ್ನೊಂದು ಮೂಲೆಗೆ ಸಾಗಿಸಿದರು. ಊರೆಲ್ಲ ಕಿಟಕಿಯ ಪರದೆಯ ಹಿಂದೆ ನಿಂತು ನೋಡಿತು. ಅಲೋಯಿಸ್ ಕೂಡ ನೋಡಿದ. ಆ ವರ್ಷದ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ‘ಸ್ಲಾಮಾ ಕುಟುಂಬ ತಾವಾಗಿ ಊರು ಬಿಟ್ಟಿತು.’ ಹಾಗೆ ಬರೆಯೆಂದು ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ಹೆದರಿದ್ದ.

ಹಿನೆಕ್ ಅಲ್ಲೇ, ಪರರ ಕೊಟ್ಟಿಗೆಯ ಸಗಣಿ ಬಾಚುತ್ತ ಸತ್ತ. ಕಾಲ ಬದಲಾಯಿತು, ಲಾರಿ ಕಳಿಸಿದ ಸರ್ಕಾರವೂ ಬಿತ್ತು. ತೊಂಬತ್ತೊಂದರ ಬೇಸಿಗೆಯಲ್ಲಿ ಅಪೊಲೆನಾ ಎರಡು ರೈಲು, ಒಂದು ಬಸ್ಸು ಬದಲಿಸಿ, ಪ್ಲಮ್ ಹೂರಣದ ಬನ್ನು ಕಟ್ಟಿಕೊಂಡು ಅಲೋಯಿಸ್‌ನ ಮನೆಗೆ ಬಂದಳು.

“ತಿನ್ನೋ ಲೋಯ್ಜಾ. ವಿಷ ಹಾಕಿಲ್ಲ,” ಅಂದಳು, ಅವನನ್ನು ಹಳೆಯ ಸಲಿಗೆಯ ಹೆಸರಿನಿಂದ ಕರೆದು. “ಹಾಕ್ಬೇಕು ಅಂದ್ಕೊಂಡಿದ್ದೆ, ಹಿಟ್ಟು ದಂಡ ಅನ್ನಿಸ್ತು.”

ಅವನು ಒಂದು ಬನ್ನು ಮುರಿದು ತಟ್ಟೆಯಲ್ಲೇ ಇಟ್ಟ.

“ನಂಗೆ ಮನೆ ಬೇಡ, ಹೊಲ ಬೇಡ. ನಾವಾಗೇ ಊರು ಬಿಟ್ವಿ ಅನ್ನೋ ಆ ಸಾಲು ಸುಳ್ಳು ಅಂತ ನೀನೇ ಬರಿ. ಬರೆದ ದಿನ ಒಂದು ಕಾಗದ ಹಾಕು. ಬಂದು ನಿನ್ನ ಬಾಯಿಂದ್ಲೇ ಕೇಳ್ತೀನಿ.”

“ಬರೀತೀನಿ ಅಪೊಲೆನಾ. ಮೊದ್ಲು ಕರಡು ಮಾಡ್ಬೇಕು. ಆಮೇಲೆ ಜನವರಿ ಸಭೆಲಿ ಓದಿ ಒಪ್ಪಿಸ್ಬೇಕು. ಪದ್ಧತಿ ಹಂಗಿದೆ.”

“ಅವತ್ತು ಲಾರಿ ತಂದವ್ರು ಕರಡು ಮಾಡಿದ್ರೇನೋ?”

ಪದ್ಧತಿ ಇದ್ದದ್ದು ನಿಜ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಹೊಸ ಪುಟದಲ್ಲಿ ತಿದ್ದುಪಡಿ ಸೇರಿಸಬೇಕು, ಅದನ್ನು ಬರೆದವನೇ ಸಭೆಯಲ್ಲಿ ಎದ್ದು ನಿಂತು ಓದಬೇಕು. ಅಲೋಯಿಸ್‌ಗೆ ಬೇಡವಾಗಿದ್ದದ್ದು ಆ ಎದ್ದು ನಿಲ್ಲುವುದು. ಕರಡಿನಲ್ಲಿ ‘ಹಾಗೆಂದು ಬರೆಯಲಾಗಿತ್ತು’ ಎಂದು ಬರೆದ, ‘ಬರೆದೆ’ ಎನ್ನಲು ಕೈ ಬರಲಿಲ್ಲ. ಮೊದಲ ಜನವರಿಗೆ ಜ್ವರ ಅಂದ. ಮರುವರ್ಷ ಕನ್ನಡಕ ಒಡೆಯಿತು ಅಂದ. ಎಪ್ಪತ್ತು ದಾಟಿದ ಗಂಡಸು ಮೀನಮೇಷ ಎಣಿಸುತ್ತ ಕೂತ. ಅಪೊಲೆನಾಳ ಕಾಗದಗಳು ಬರುತ್ತಲೇ ಇದ್ದವು: “ಬರ್ಲಾ?” ಒಂದೇ ಪದ.

ತೊಂಬತ್ತಮೂರರ ಡಿಸೆಂಬರಿನಲ್ಲಿ ಕಾಗದ ಬರಲಿಲ್ಲ. ಜನವರಿಯ ಸಭೆಗೆ ಅಪೊಲೆನಾಳ ಮಗಳು ಯಾರ್ಮಿಲಾ ಬಂದಳು, ಕಪ್ಪು ಕೋಟು ತೊಟ್ಟು.

“ಅಮ್ಮ ಹೋದ್ರು,” ಅಂದಳು. “ಈ ವರ್ಷದ ಸತ್ತವ್ರ ಪಟ್ಟಿಲಿ ಅವ್ರ ಹೆಸ್ರು ಬರೀರಿ. ಅವ್ರು ಈ ಊರೋರು.”

ಅಧ್ಯಕ್ಷೆ ರಾದ್ಕಾ ಒಳ್ಳೆಯ ಹೆಂಗಸು. ಹೊರಗಿನಿಂದ ಸೊಸೆಯಾಗಿ ಬಂದವಳು, ಹಳೆಯದೇನೂ ಗೊತ್ತಿಲ್ಲ. ದಫ್ತರದ ನಿಯಮ ತೆಗೆದು ಓದಿದಳು: ಊರಲ್ಲಿ ಸತ್ತವರಿಗೆ ಪಟ್ಟಿಯಲ್ಲಿ ಜಾಗವುಂಟು, ಬಲವಂತದಿಂದ ಊರಾಚೆ ಹೋಗಿ ಸತ್ತವರಿಗೂ ಉಂಟು. ತಾವಾಗಿ ಬಿಟ್ಟು ಹೋದವರಿಗಿಲ್ಲ. ಆಮೇಲೆ ಐವತ್ತೆರಡರ ಪುಟ ತಿರುವಿದಳು.

“ಬೇಜಾರು ಮಾಡ್ಕೋಬೇಡಿ ಯಾರ್ಮಿಲಾ. ತಾವಾಗೇ ಹೋದ್ರು ಅಂತ ಇಲ್ಲಿದೆ. ಕಾಲಿನಾ ಅವ್ರ ಅಕ್ಷರಾನೇ. ಅಲ್ವಾ, ಕಾಲಿನಾ ಅವ್ರೇ?”

ಬದುಕಿದ್ದ ಅಪೊಲೆನಾಳನ್ನು ಎರಡೂವರೆ ವರ್ಷ ಬಾಗಿಲಲ್ಲಿ ಕಾಯಿಸಿದ್ದು ಸಾಲದು ಎಂಬಂತೆ, ಸತ್ತವಳನ್ನೂ ಅಲೋಯಿಸ್‌ನ ಸಾಲೇ ಹೊರಗೆ ತಡೆದಿತ್ತು. ಮೇಜು ಹಿಡಿದು ಎದ್ದು ನಿಂತ.

“ಸುಳ್ಳು ಅದು,” ಅಂದ. “ನಾನೇ ಬರೆದೆ. ಅವ್ರನ್ನ ಲಾರಿಗೆ ಹತ್ತಿಸ್ದಾಗ ನಾನು ಕಿಟಕೀಲಿದ್ದೆ. ಅಪೊಲೆನಾ ತಿರುಗಿ ನನ್ನ ಕಿಟಕಿ ಕಡೆ ನೋಡಿದ್ಲು. ಹೆದ್ರಿ ಹಂಗೆ ಬರೆದೆ.”

ಬೆಂಚುಗಳಲ್ಲಿದ್ದ ಮುದುಕರೆಲ್ಲ ತಲೆ ತಗ್ಗಿಸಿದ್ದರು. ರಾದ್ಕಾ ಪೆನ್ನು ಅವನ ಮುಂದಿಟ್ಟಳು. ಅವನು ಅಪೊಲೆನಾ ಸ್ಲಾಮಾ ಎಂದು ಬರೆದ, ಹಿಂದೆಯೇ ಹಿನೆಕ್‌ನ ಹೆಸರನ್ನೂ ಬರೆದ. ಅಕ್ಷರ ಸೊಟ್ಟಗಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಈಗ ಸರಿ ಹೋಯ್ತಾ ಮಗಳೇ?” ಅಂದ.

ಯಾರ್ಮಿಲಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

“ನಂಗೆ ಗೊತ್ತಿಲ್ಲ,” ಅಂದಳು. “ಹೋದ ವಾರ ಆಸ್ಪತ್ರೆಲಿ ಅಮ್ಮ ಊರಿಗೆ ಹಾಕ್ಕೊಂಡು ಹೋಗೋ ಬೂಟು ತರ್ಸಿ ಮಂಚದ ಕೆಳಗೆ ಇಡಿಸ್ಕೊಂಡಿದ್ರು. ಈ ಜನವರೀಲಿ ಲೋಯ್ಜಾ ಓದೇ ಓದ್ತಾನೆ ಅಂತಿದ್ರು.”