ಡ್ರಮ್ಮಿನಲ್ಲಿ ಬೆಳೆದ ತೆನೆ

ಆಗೆಲ್ಲ ನಮ್ಮ ಮನೆ ಬಾಗಿಲಿಗೆ ತರಕಾರಿಯವ ಬರುತ್ತಿರಲಿಲ್ಲ. ಬಂದರೂ ಅಮ್ಮನ ಹಿತ್ತಲು ನೋಡಿ, ಮುಖ ಹುಳ್ಳಗೆ ಮಾಡಿಕೊಂಡು ಗಾಡಿ ತಿರುಗಿಸುತ್ತಿದ್ದ. ಜಂಬ ಎಂದರೆ ಜಂಬವೇ ಸರಿ. ಠಾಣೆ ಪಟ್ಟಣದ ವರ್ತಕ ನಗರ ಬಡಾವಣೆಯಲ್ಲಿ, ನೆಲಮಹಡಿಯ ಎರಡು ಕೋಣೆಗಳಲ್ಲಿದ್ದುಕೊಂಡು ಬಸಳೆ, ಹರಿವೆ, ಕೆಸು, ಅರಿಶಿನ ಬೆಳೆದವರು ಎಷ್ಟು ಮಂದಿ ಇದ್ದರು ಹೇಳಿ.

ಹಿತ್ತಲು ಎಂದರೆ ಅಡುಗೆಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಒಂದು ಪಟ್ಟಿ. ನಾವು ಬಂದಾಗ ಅಲ್ಲಿದ್ದದ್ದು ಒಡೆದ ಟೈಲ್ಸು, ಸಿಮೆಂಟಿನ ಹೆಂಟೆ. ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಮನೆಗೆ ಬರುವಾಗ ಡಬ್ಬ ತುಂಬ ತರಕಾರಿ ಸಿಪ್ಪೆ, ಚಹಾದ ಚರಟ ಹೊತ್ತು ತರುತ್ತಿದ್ದರು. ಅಮ್ಮ ಅದನ್ನೆಲ್ಲ ಕೊಳೆಸಿ ಗೊಬ್ಬರದ ಮಣ್ಣು ಮಾಡಿದಳು. ಟೀವಿ ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರು. ಸಂಜೆ ದೀಪ ಹಚ್ಚಿ ಭಜನೆ, ಆಮೇಲೆ ಊಟ. ಹಿತ್ತಲಲ್ಲಿ ಬಿಟ್ಟ ಮೊದಲನೆಯದು ದೇವರಿಗೆ, ಮುಂದಿನದು ನಾವು ಕಾಕು ಎಂದು ಕರೆಯುತ್ತಿದ್ದ ಮೇಲಿನ ಮನೆಯ ಮರಾಠಿ ಹೆಂಗಸಿಗೆ, ಉಳಿದದ್ದು ನಮಗೆ. ಎಳೆ ಬೆಂಡೆಕಾಯಿ ಕಂಡು ಬಾಯಲ್ಲಿ ನೀರೂರಿದರೂ ನಾನೂ ತಮ್ಮನೂ ಕೈ ಹಾಕುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅಮ್ಮ ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮುಗಳಲ್ಲಿ ಭತ್ತ ಬಿತ್ತಿದಳು. ನವರಾತ್ರಿಯಲ್ಲಿ ಹೊಸ ತೆನೆಯನ್ನು ಆರತಿ ಎತ್ತಿ ಒಳಗೆ ಕರೆದುಕೊಂಡು, ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿ ಊಟ ಮಾಡುವುದು ನಮ್ಮ ಉಡುಪಿ ಕಡೆಯ ಪದ್ಧತಿ. ಪ್ರತಿವರ್ಷ ಅಜ್ಜಿ ಊರಿನ ಗದ್ದೆಯ ತೆನೆಯನ್ನು ಬಸ್ಸಿನಲ್ಲಿ ಕಳಿಸುತ್ತಿದ್ದಳು. ಒಮ್ಮೆಯಾದರೂ ತಾನೇ ಬೆಳೆದ ತೆನೆ ಕಟ್ಟಬೇಕೆಂಬುದು ಅಮ್ಮನ ಹಟ. ಹಿಂದಿನ ವರ್ಷ ಬಾಗಿಲಿಗೆ ಕಟ್ಟಿದ್ದ ತೆನೆಯ ಕಾಳನ್ನೇ ಉದುರಿಸಿ ಬೀಜ ಮಾಡಿದ್ದಳು. ಕಾಕು ಮೇಲಿನಿಂದ ಬಗ್ಗಿ, "ಕಾಯ್ ವಹಿನೀ, ಇಥೆ ಭಾತ್‌ಶೇತಿ?" ಏನತ್ತಿಗೆ, ಇಲ್ಲಿ ಭತ್ತದ ಬೇಸಾಯವಾ ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು.

ಚೌತಿ ಕಳೆದ ಮೇಲೆ ಅಜ್ಜಿ, ಅಪ್ಪನ ಅಮ್ಮ, ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅವಳಿಗೆ ಹಿತ್ತಲ ಭತ್ತ ಭತ್ತವೇ ಅಲ್ಲ.

"ಇದೆಂತ ಶಾರದಾ, ಡ್ರಮ್ಮಲ್ಲಿ?"

"ಭತ್ತ ಅತ್ತೆ. ತೆನೆ ಕಟ್ಟುದಕ್ಕೆ."

"ಗದ್ದೆ ಬೇಡ, ಕೆಸರು ಬೇಡ, ಡ್ರಮ್ಮು ಸಾಕಾ? ದೇವರಿಗೆ ಇದು ಆಗುದಿಲ್ಲ ಮಾರಾಯ್ತಿ. ಊರಿಂದ ಬಸ್ಸಲ್ಲಿ ತೆನೆ ತರಿಸು." ಕಡೆಯ ಮಾತು ಅಪ್ಪನಿಗೆ. ಅಪ್ಪ ತಲೆಯಾಡಿಸಿ, ಊರಿಗೆ ಫೋನ್ ಮಾಡಿ ತೆನೆ ಕಳಿಸಲು ಹೇಳಿದರು. ಅಮ್ಮ ಅಕ್ಕಿ ತೊಳೆದ ನೀರನ್ನು ಡ್ರಮ್ಮಿಗೆ ಹೊಯ್ದಳು.

ತೆನೆ ಬಾಗತೊಡಗಿದ್ದೇ ತಡ, ಕಟ್ಟಡದ ಪಾರಿವಾಳಗಳೆಲ್ಲ ನಮ್ಮ ಹಿತ್ತಲಿಗೆ ಇಳಿದವು. ಅಮ್ಮ ತನ್ನ ಹಳೆಯ ಸೀರೆ ಹೊದಿಸಿದಳು. ಅವು ಸೀರೆಯ ಅಡಿಗೇ ನುಗ್ಗಿದವು. ಒಂದು ಡ್ರಮ್ಮು ಪೂರ್ತಿ ಬೋಳಾಯಿತು. ನಾನು ಶಾಲೆಯಿಂದ ಬಂದವಳು ನೋಡಿ ಅತ್ತುಬಿಟ್ಟೆ.

ಮರುದಿನ ಮಧ್ಯಾಹ್ನ ಬಂದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಅಜ್ಜಿ ಕೂತಿದ್ದಳು. ಆಪರೇಷನ್ ಆದ ಕಣ್ಣಿಗೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ, ಕೈಯಲ್ಲಿ ಕೊಡೆ. ಹಕ್ಕಿಯ ರೆಕ್ಕೆ ಸದ್ದು ಕೇಳಿದಲ್ಲಿಗೆ ಕೊಡೆ ಬೀಸುತ್ತಿದ್ದಳು.

"ಅಜ್ಜಿ, ಅದು ಭತ್ತ ಅಲ್ಲ ಅಂದಿದ್ದಿ?"

"ಪಾರಿವಾಳಕ್ಕೆ ಗೊತ್ತುಂಟಲ್ಲ ಅದು ಭತ್ತ ಅಂತ. ನನಗೆ ಅಷ್ಟೂ ಬುದ್ಧಿ ಬೇಡವಾ? ಕೈಕಾಲು ತೊಳ್ಕೊ, ಹೋಗು."

ಆಮೇಲೆ ದಿನವೂ ಅಲ್ಲೇ ಕೂತಳು. ಊಟದ ತಟ್ಟೆಯೂ ಅಲ್ಲಿಗೇ ಹೋಗುತ್ತಿತ್ತು. ನವರಾತ್ರಿ ಹತ್ತಿರವಾದಾಗ ಒಂದು ಸಂಜೆ ತೆನೆಯನ್ನು ಬೆರಳಲ್ಲಿ ಸವರಿ ನೋಡಿ ಅಪ್ಪನಿಗೆ ಹೇಳಿದಳು, "ಊರಿನ ತೆನೆ ಬೇಡ ಅಂತ ಫೋನ್ ಮಾಡು. ಎರಡೆರಡು ಎಂತಕ್ಕೆ?"

ತೆನೆ ಕಟ್ಟುವ ದಿನ ಬೆಳಗ್ಗೆ ಅಪ್ಪ ಅದನ್ನು ಕೊಯ್ದು ತಲೆಯ ಮೇಲಿಟ್ಟುಕೊಂಡು ಹಿತ್ತಲಿಂದ ಸುತ್ತಿ ಮುಂಬಾಗಿಲಿಗೆ ಬಂದರು. ಅಮ್ಮ ಆರತಿ ಎತ್ತಿದಳು, ತಮ್ಮ ಜಾಗಟೆ ಬಾರಿಸಿದ. ಊರಿನಲ್ಲಾದರೆ ಬಾವಿಗೆ, ತೊಟ್ಟಿಲಿಗೆ ಕಟ್ಟುತ್ತಾರೆ. ನಾವು ಮಾವಿನೆಲೆಯಲ್ಲಿ ಸುತ್ತಿ ಬಾಗಿಲಿಗೆ, ನಲ್ಲಿಗೆ, ಹೊಲಿಗೆ ಮೆಷಿನ್ನಿಗೆ ಕಟ್ಟಿದೆವು. ಅಪ್ಪನ ಬಸ್ ಪಾಸಿನ ಕವರಿಗೂ ಒಂದು ಕಾಳು ಹೋಯಿತು. ಉಗುರಲ್ಲಿ ಸುಲಿದ ಹೊಸ ಅಕ್ಕಿಯನ್ನು ಅಮ್ಮ ಪಾಯಸಕ್ಕೆ ಹಾಕಿದಳು. ಅರಿಶಿನೆಲೆಯ ಕಡುಬು ಬೆಂದ ಪರಿಮಳ ಕಾಕುವಿನ ಮನೆಯವರೆಗೂ ಏರಿತ್ತು.

ಹೊಸತು ಉಣ್ಣುವ ಮೊದಲು ಹಿರಿಯರ ಅಪ್ಪಣೆ ಕೇಳಬೇಕು. ತಮ್ಮ ನನ್ನನ್ನು ಕೇಳಿದ, ನಾನು ಅಮ್ಮನನ್ನು, ಅಮ್ಮ ಅಪ್ಪನನ್ನು, ಅಪ್ಪ ಅಜ್ಜಿಯನ್ನು. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಯಾರನ್ನೂ ಕೇಳಬೇಕಿರಲಿಲ್ಲ. ಅವಳು ಎಲೆಯಿಂದ ಕೈ ಹಿಂದಕ್ಕೆ ತೆಗೆದು ಅಮ್ಮನ ಕಡೆ ತಿರುಗಿದಳು.

"ಶಾರದಾ, ಹೊಸತು ಉಣ್ತೇನೆ."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅತ್ತೆ, ನೀವು ನನ್ನತ್ರ ಕೇಳುದಾ?"

"ಮತ್ತೆ ಯಾರತ್ರ? ಬೆಳೆದವಳು ನೀನಲ್ವಾ? ಬೇಗ ಹೇಳು, ಹಸಿವಾಗ್ತದೆ."

"ಉಣ್ಣಿ ಅತ್ತೆ" ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. ನಾನಂತೂ ಇಡೀ ಠಾಣೆಯೇ ನಮ್ಮದು ಎಂಬಂತೆ ಎದೆಯುಬ್ಬಿಸಿ ಕೂತಿದ್ದೆ. ಇವತ್ತಿಗೂ ಆ ಹೆಮ್ಮೆ ಇಳಿದಿಲ್ಲ.

ಆ ಕಟ್ಟಡ ಕೆಡವಿ ಟವರ್ ಎಬ್ಬಿಸಿದ್ದಾರೆ. ಹಿತ್ತಲಿದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ನಾನಿರುವುದು ಘೋಡಬಂದರ್ ರಸ್ತೆಯ ಎತ್ತರದ ಒಂದು ಫ್ಲ್ಯಾಟಿನಲ್ಲಿ. ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ. ಬಕೆಟ್ಟಿನಲ್ಲಿ ಬಿತ್ತಿದ ಭತ್ತ ಎರಡು ಸಲವೂ ತೆನೆಯಾಗಲಿಲ್ಲ. ದಸರೆಗೆ ಸ್ಟೇಷನ್ ಹೊರಗೆ ಗೊಂಡೆಹೂವಿನ ಜೊತೆ ತೆನೆಯನ್ನೂ ಮಾರುತ್ತಾರೆ, ಅದನ್ನೇ ತಂದು ಕಟ್ಟುತ್ತೇನೆ. ಪಾಯಸ ಆರುವ ಮೊದಲು ನೆರೂಳಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತೇನೆ.

"ಅಮ್ಮ, ಹೊಸತು ಉಣ್ತೇನೆ."

"ಉಣ್ಣು ಮಗಾ. ಬೆಳೆದದ್ದು ಯಾರು?"

ಪ್ರತಿವರ್ಷವೂ ಅದನ್ನು ಕೇಳುತ್ತಾಳೆ. ಪ್ರತಿವರ್ಷವೂ ನಾನು, "ಗೊತ್ತಿಲ್ಲಮ್ಮ" ಎನ್ನುತ್ತೇನೆ.