ಮಗಳು ‘ನಮ್ಮನಿ’ ಅಂದದ್ದು

ಪ್ರತಿ ವರ್ಷ ಶೇಂಗಾ ಒಕ್ಕಲಾದ ಮೇಲೆ ನಾವು ಕೂಡ್ಲಿಗಿ ಸೀಮೆಯಿಂದ ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಿದ್ದೆವು. ನಾನು, ಗಂಡ, ಮಗಳು, ಜೊತೆಗೆ ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಕೂಲಿಗಳ ಸಾಲುಮನೆಯಲ್ಲಿ ಎಲ್ಲರಿಗೂ ಒಂದೇ ಕೋಣೆ. ನಡುವೆ ಸೀರೆ ಕಟ್ಟಿ ಎರಡು ಸಂಸಾರ ಮಾಡಿಕೊಂಡಿದ್ದೆವು. ನೆಗೆಣ್ಣಿ ಕಾಫಿ ಹಣ್ಣು ಬಿಡಿಸುವುದರಲ್ಲಿ ನಿಧಾನ. ಅವಳ ಚೀಲಕ್ಕೆ ನಾನೇ ನಾಲ್ಕು ಹಿಡಿ ಹಾಕುತ್ತಿದ್ದೆ. ನನಗಿಂತ ಒಂದು ಕೈ ಕಡಿಮೆ ಅಂತಲೇ ಅವಳ ಮೇಲೆ ಪ್ರೀತಿ ಇತ್ತೇನೋ.

ಒಂದು ವರ್ಷ ಅವಳು ಬರಲಿಲ್ಲ. ಕೂಡ್ಲಿಗಿಯ ಹಾಸ್ಟೆಲೊಂದರಲ್ಲಿ ಅಡಿಗೆ ಕೆಲಸ ಸಿಕ್ಕಿತ್ತು. ಕಾಫಿ ಸುಗ್ಗಿ ಮುಗಿಸಿ ಬಂದು, ಅಲ್ಲಿ ಅವರು ಹಿಡಿದಿದ್ದ ಮನೆಗೆ ಹೋದೆ. ಗ್ಯಾಸ್ ಒಲೆ, ಚಿಲಕ ಇರುವ ಬಚ್ಚಲು. ಅವಳ ಹಿಮ್ಮಡಿಯಲ್ಲಿ ಒಂದು ಬಿರುಕೂ ಇರಲಿಲ್ಲ. ನನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಚಹಾ ಕೊಟ್ಟಳು, ನೀರು ಜಾಸ್ತಿ ಅಂದೆ. ಆಗಿರಲಿಲ್ಲ.

“ಅಕ್ಕ, ಅಡಿಗಿಮನ್ಯಾಗ ಇನ್ನೊಬ್ಬಾಕಿ ಬೇಕಾಗ್ಯಾಳ. ನೀ ಬಾ,” ಅಂದಳು.

ಮಂದಿ ತಾಟು ತೊಳೆಯಲು ಬರುವುದಿಲ್ಲ ಅಂದುಬಿಟ್ಟೆ. ಆದರೆ ಸುಗ್ಗಿ ಬಂದಾಗಲೆಲ್ಲ ಮಗಳ ಶಾಲೆ ತಪ್ಪುತ್ತಿತ್ತು. ಹಾಗಾಗಿ ಮುಂದಿನ ಸಲ ಮಗಳನ್ನು ನೆಗೆಣ್ಣಿಯ ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋದೆವು. ಫೋನಿನಲ್ಲಿ ಒಮ್ಮೆ ಮಗಳು, “ಅವ್ವಾ, ಇವತ್ತು ನಮ್ಮನ್ಯಾಗ ಪೂರಿ ಮಾಡಿದ್ರು,” ಅಂದಳು. ಯಾರ ಮನೆಯಲ್ಲಿ ಅಂತ ಕೇಳಿದೆ. ಚಿಗವ್ವನ ಮನೆಯಲ್ಲಿ ಅಂತ ತಿದ್ದಿಕೊಂಡಳು.

ಆ ದಿನ ಹಣ್ಣಿನ ಜೊತೆ ರೆಂಬೆಯನ್ನೂ ಮುರಿದು ಮೇಸ್ತ್ರಿಯಿಂದ ಬೈಸಿಕೊಂಡೆ. ಇದೇ ಕೊನೆಯ ಸುಗ್ಗಿ ಅಂತ ಗಂಡನಿಗೆ ಹೇಳಿದೆ.

ಊರಿಗೆ ಬಂದು ನೆಗೆಣ್ಣಿಯನ್ನೇ ಕೆಲಸ ಕೇಳಿದೆ. ಹಳೆಯ ಮಾತು ಎತ್ತದೆ ಕರೆದುಕೊಂಡು ಹೋದಳು. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಈಗ ಅಡಿಗೆಮನೆಯಲ್ಲಿ ಅವಳು ಹೇಳಿದಂತೆ ನಾನು ಈರುಳ್ಳಿ ಹೆಚ್ಚಬೇಕು. ಗಂಡ ಊರಲ್ಲೇ ಗಾರೆ ಕೆಲಸ ಹಿಡಿದ. ನೆಗೆಣ್ಣಿಯ ಓಣಿಯಲ್ಲೇ ಬಾಡಿಗೆ ಮನೆ ಹಿಡಿದೆವು. ನಮ್ಮದಕ್ಕೂ ನಲ್ಲಿ ಬಂತು, ಹಾಸಲು ಗಾದಿ ಬಂತು. ಘಟ್ಟದ ಥಂಡಿಗೆ ಹಿಡಿದಿದ್ದ ನನ್ನ ಕೆಮ್ಮೂ ಬಿಟ್ಟಿತು. ಮಗಳು ಮಾತ್ರ ಜಡೆ ಹಾಕಿಸಿಕೊಳ್ಳಲು ಚಿಗವ್ವನ ಹತ್ತಿರವೇ ಓಡುತ್ತಿದ್ದಳು, ಮಲಗುವುದೂ ಅಲ್ಲೇ.

ಒಂದು ಸಂಜೆ ಹಾಸಿಗೆ ಸುತ್ತಿಕೊಂಡು ತಾನಾಗಿಯೇ ಬಂದಳು. ನನಗೆ ಎದೆ ತುಂಬಿ ಬಂತು.

“ಚಿಗವ್ವನ ಮನ್ಯಾಗ ಫ್ಯಾನ್ ಕೆಟ್ಟೈತಿ,” ಅಂದಳು.

ರಿಪೇರಿಯವನು ತಡವಾಗಿ ಬರಲಿ ಅಂತ ಬೇಡಿಕೊಳ್ಳುತ್ತಾ ಅವಳ ಹಾಸಿಗೆ ಬಿಚ್ಚಿ ಹಾಸಿದೆ.