ಬು ಪೊನಿಯೆಮ್ ಬಡಿದ ಬಿದಿರು

ಇದನ್ನು ಮೊದಲು ಹೇಳಿದವರು ವಾಕಿದಿ. ಮಹಾಮಾರಿಯ ಮೊದಲ ವರ್ಷ, ನಿರ್ಬಂಧ ಸಡಿಲಿದ ವಾರ, ಬಂತೂಲ್ ಸೀಮೆಯ ತಮ್ಮ ಮನೆಯ ಜಗಲಿಯಲ್ಲಿ. ಕೇಳುತ್ತ ಕುಳಿತವರು ನೆರೆಯವರು ನಾಲ್ಕೈದು ಮಂದಿ, ಕಾವಲಿನ ಜುಮಿರಾನ್, ಜೊತೆಗೆ ಎಲ್ಲರೂ ಬು, ಅಂದರೆ ಅಮ್ಮ, ಎಂದು ಕರೆಯುವ ಪೊನಿಯೆಮ್.

ನಿರ್ಬಂಧದ ದಿನಗಳ ನಸುಕು. ಐವತ್ತೆರಡರ ಪೊನಿಯೆಮ್ ಕಾವಲುಕಟ್ಟೆಯಲ್ಲಿ ತೂಗುವ, ಊರಿಗೆ ಸುದ್ದಿ ಸಾರುವ ಬಿದಿರ ಕೊಳವೆ ಕೆಂತೊಂಗಾನ್‌ಗೆ ಕೋಲೆತ್ತುತ್ತಾರೆ. ಬಿಟ್ಟು ಬಿಟ್ಟು ಐದು ಪೆಟ್ಟು. ಅರ್ಥ: ಕೈಯೂರಿ ಸೊಂಟ ಎತ್ತಿ.

ಹದಿನಾಲ್ಕು ವರ್ಷದ ಹಿಂದಿನ ಭೂಕಂಪದಲ್ಲಿ ಬೆನ್ನುಹುರಿ ಮುರಿದ ಒಂಬತ್ತು ಮಂದಿಯನ್ನು ಅವರು ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರು ಅಲುಗದೆ ಕೂತರೆ ಹುಣ್ಣು. ಹುಣ್ಣು ನಂಜಾದರೆ ಜೀವಕ್ಕೇ ಅಪಾಯ. ಮೊದಲೆಲ್ಲ ಸೈಕಲ್ಲೇರಿ ಹೋಗಿ ಒಬ್ಬೊಬ್ಬರ ಚರ್ಮವನ್ನೂ ನೋಡಿ ಬರುತ್ತಿದ್ದರು. ಈಗ ಹಲವು ಮನೆ ಸುತ್ತುವವರು ಯಾವ ಮನೆಗೂ ಕಾಲಿಡುವಂತಿಲ್ಲ. ಆದ್ದರಿಂದ ಈ ಬಡಿತ, ದಿನಕ್ಕೆ ಆರು ಸಲ. ಊರಲ್ಲಿ ಸಾವಾದರೆ ಸಾರುವ ಬಡಿತವೂ ಹೀಗೆಯೇ ನಿಧಾನ, ಆದರೆ ಅದು ಐದಕ್ಕೆ ನಿಲ್ಲುವುದಿಲ್ಲ. ಎಂಟು ಮನೆಗಳಿಗೆ ಈ ಗುಟ್ಟು ತಿಳಿದಿದೆ. ಚಿಂತೆಯೆಲ್ಲ ಒಂಬತ್ತನೆಯವರಾದ, ಒಂಟಿಯಾಗಿರುವ ವಾಕಿದಿಯ ಬಗ್ಗೆಯೇ.

“ವಾಕಿದಿಗೆ ಹೇಳಿದ್ಯೇನಪ್ಪ?” ಎಂದು, ಕತ್ತಲಿರುವಾಗಲೇ ವಾಕಿದಿಯ ಬಾಗಿಲಲ್ಲಿ ಅನ್ನ ಇಟ್ಟು ಬರುವ ಕಾವಲಿನ ಜುಮಿರಾನ್‌ನನ್ನು ಕೇಳುತ್ತಾರೆ.

“ಹೇಳ್ತೀನಿ ಬು, ಹೇಳ್ತೀನಿ. ನಿಮ್ಮ ಕೋಲಿಗೆ ಹೆದರಿ ಕೊರೋನಾನೇ ಓಡೋಗ್ತದೆ ಬಿಡಿ!”

ಒಂಬತ್ತು ವಾರಗಳ ಬಳಿಕ ಪೊನಿಯೆಮ್ ವಾಕಿದಿಯ ಮನೆಗೆ ಓಡುತ್ತಾರೆ. ಮಗ್ಗುಲಾಗಿಸಿ ನೋಡಿದರೆ ಎಲ್ಲೂ ಒಂದು ಕೆಂಪು ಕಲೆಯೂ ಇಲ್ಲ.

“ಭಲೇ ಕಾಂಗ್!” ಎಂದು ಅಣ್ಣನನ್ನು ಕರೆಯುವ ಮಾತಲ್ಲಿ ಹೊಗಳುತ್ತಾರೆ. “ಆರು ಸಲಾನೂ ಎತ್ತಿದ್ದೀಯ!”

“ಎತ್ತದೆ ಏನ್ಮಾಡ್ಲಿ ಬು? ದಿನಕ್ಕೆ ಆರು ಹೆಣ! ಯಾರ ಮನೇದು ಅಂತ ಕೈಯೂರಿ ಮೈಯೆತ್ತಿ ಕಿಟಕೀಲಿ ನೋಡ್ತಿದ್ದೆ. ಒಂದೂ ಹೋಗ್ಲಿಲ್ಲ. ಹೊರೋರೂ ಉಳಿದಿಲ್ಲ ಅಂದ್ಕೊಂಡೆ.”

“ಐದಕ್ಕೇ ನಿಲ್ತಿತ್ತಲ್ಲ?”

“ಬಡಿಯೋನಿಗೂ ಸುಸ್ತಾಗಿರ್ಬೇಕು ಅಂತ.”

“ಮತ್ತೆ ಬಾಗ್ಲಲ್ಲಿ ಅನ್ನ ಇಟ್ಟಿದ್ದು ಯಾರು ಅಂತ?”

“ಅದೇ ಒಂದು ಧೈರ್ಯ. ಯಾರೋ ಒಬ್ರಾದ್ರೂ ಇದ್ದಾರೆ ಅಂತ.”

ಜಗಲಿಯಲ್ಲಿ ವಾಕಿದಿ ಇದನ್ನು ಹೇಳಿದಾಗ ನೆರೆಯವರೆಲ್ಲ ನಗುತ್ತಾರೆ. ಹೇಳಲು ಮರೆತಿದ್ದ ಜುಮಿರಾನ್ ಮಾತ್ರ ತಲೆ ತಗ್ಗಿಸುತ್ತಾನೆ. ನಗಬೇಕೋ ಅಳಬೇಕೋ ಪೊನಿಯೆಮ್ ಅವರಿಗೆ ಇನ್ನೂ ಬಗೆಹರಿದಿಲ್ಲ. “ಚರ್ಮ ಉಳಿಸ್ದೋಳೂ ನಾನೇ, ಜೀವ ಹಿಂಡ್ದೋಳೂ ನಾನೇ. ನಾನು ಮಾಡಿದ್ದು ಒಳ್ಳೇದಾ, ಕೆಟ್ಟದ್ದಾ?”

ಮತ್ತೆ ಅವರೇ ವಾಕಿದಿಯತ್ತ ತಿರುಗುತ್ತಾರೆ.

“ಇನ್ನೊಂದ್ಸಲ ಹಿಂಗಾದ್ರೆ ಬೇಲಿ ಆಚೆ ನಿಂತಾದ್ರೂ ದಿನಕ್ಕೊಂದು ಮಾತು ಕೂಗ್ತೀನಿ ಕಾಂಗ್. ನಿರ್ಬಂಧ ಹಾಕೋರು ಅಷ್ಟಕ್ಕಾದ್ರೂ ಬಿಡ್ಲಿ.”

“ಒಂದು ಸಾಲದು,” ಎನ್ನುತ್ತಾರೆ ವಾಕಿದಿ. “ಆರು ಕೂಗು.”

ಕೇಳುಗರು ಎದ್ದರು. ಒಬ್ಬೊಬ್ಬರೂ ಗಾಲಿಕುರ್ಚಿಯ ಮುಂದೆ ನಿಂತು, “ಹೋಗ್ಬರ್ತೀನಿ ಕಾಂಗ್,” ಎಂದು ಹೇಳಿಯೇ ಮನೆಗೆ ಹೋದರು.